ಮೊದಲ ಪುಟ ಹರಿದುಹಾಕಿ

(ರೈತರಿಗಾಗಿ ನಡೆದ ಬರವಣಿಗೆ ಕಮ್ಮಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ನಮ್ಮ ಪತ್ರಿಕೆಗೆ ಬರುವ ಲೇಖನಗಳನ್ನು ನಾನು ಎರಡನೇ ಪುಟದಿಂದ ಓದುತ್ತೇನೆ. ಸೊಕ್ಕು ಅಂದುಕೊಳ್ಳಬೇಡಿ. ಇಪ್ಪತ್ತು ವರ್ಷ ದಾಟಿತು, ರೈತರ ಬರಹ ತಿದ್ದುತ್ತಾ ಕೂತು. ಮೊದಲ ಪುಟದಲ್ಲಿ ಏನಿರುತ್ತದೆ ಅಂತ ಲಕೋಟೆ ಒಡೆಯುವ ಮೊದಲೇ ಗೊತ್ತಾಗುತ್ತದೆ. "ಭಾರತ ಹಳ್ಳಿಗಳ ದೇಶ. ಕೃಷಿಯೇ ದೇಶದ ಬೆನ್ನೆಲುಬು. ಅನಾದಿ ಕಾಲದಿಂದಲೂ ಮಾನವನು..." ಆ ಮಾನವ ಕಾಡು ಬಿಟ್ಟು, ನದಿ ದಂಡೆಗೆ ಬಂದು, ಬೆಂಕಿ ಕಂಡುಹಿಡಿದು, ನಮ್ಮ ಲೇಖಕರ ಕಾಳುಮೆಣಸಿನ ಬಳ್ಳಿ ಬುಡಕ್ಕೆ ತಲುಪುವಾಗ ಒಂದೂವರೆ ಪುಟ ಮುಗಿದಿರುತ್ತದೆ.

ನಗಬೇಡಿ, ನೀವು ಕಳಿಸಿದ ಹಾಳೆಗಳೂ ನನ್ನ ಚೀಲದಲ್ಲೇ ಇವೆ.

ಇದನ್ನು ನಮಗೆ ಕಲಿಸಿದ್ದು ಶಾಲೆ. ಪ್ರಬಂಧ ಅಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ವಿಷಯ ಗೊತ್ತಿಲ್ಲದಿದ್ದರೂ ಪೀಠಿಕೆ ಚೆನ್ನಾಗಿದ್ದರೆ ಒಂದೆರಡು ಅಂಕ ಗ್ಯಾರಂಟಿ. ಹತ್ತು ವರ್ಷ ಆ ಅಂಕಕ್ಕೆ ಬರೆದವರು ಐವತ್ತನೇ ವಯಸ್ಸಿನಲ್ಲಿ ಪೆನ್ನು ಹಿಡಿದರೂ ಎದುರಿಗೆ ಮೇಷ್ಟ್ರು ಕೂತಿರುತ್ತಾರೆ. ಓದುವವನು ಪಕ್ಕದೂರಿನ ಇನ್ನೊಬ್ಬ ರೈತ ಅನ್ನುವುದು ಮರೆತೇ ಹೋಗುತ್ತದೆ. ಅವನಿಗೆ ಬೇಕಾಗಿರುವುದು ಬಳ್ಳಿಯ ಸುದ್ದಿ, ಅಷ್ಟೇ.

ನಾನೇನು ಬೇರೆಯವನಲ್ಲ. ನಮ್ಮದು ಸಾಗರದ ಕಡೆ, ಅಡಿಕೆ ತೋಟದ ಮನೆ. ಡಿಗ್ರಿ ಓದುವಾಗ ನನ್ನ ಮೊದಲ ಲೇಖನ ಒಂದು ವಾರಪತ್ರಿಕೆಯಲ್ಲಿ ಬಂತು. ಮಳೆಗಾಲದಲ್ಲಿ ತೋಟಕ್ಕೆ ಔಷಧಿ ಹೊಡೆಯುವುದರ ಬಗ್ಗೆ. ಅದರ ಒಂದು ಸಾಲು ಇವತ್ತಿಗೂ ಬಾಯಿಗೆ ಬರುತ್ತದೆ: "ವರುಣನ ಆರ್ಭಟಕ್ಕೆ ನಲುಗಿದ್ದ ಕಂಗಿನ ವನರಾಜಿಯು ಔಷಧದ ಅಭಿಷೇಕದಿಂದ ಪುನೀತಗೊಂಡು ನಳನಳಿಸುತ್ತಿತ್ತು." ಬರೆದಾಗ ಎಂಥಾ ಖುಷಿ ಅಂತೀರಿ. ಕಾಲೇಜಿನಲ್ಲಿ ಇಬ್ಬರು ಹುಡುಗಿಯರು ಚೆನ್ನಾಗಿದೆ ಅಂದರು. ಪತ್ರಿಕೆ ತಂದು ಅಪ್ಪಯ್ಯನ ಕೈಗೆ ಕೊಟ್ಟೆ. ಅವರು ಜಗಲಿಯಲ್ಲಿ ಕೂತು, ಕನ್ನಡಕ ಹಾಕಿ, ಎರಡು ಸಲ ಓದಿದರು.

"ಇದು ಯಾರ ತೋಟನೋ?"

"ನಮ್ದೇ ಅಪ್ಪಯ್ಯ."

"ಎಷ್ಟು ಬ್ಯಾರಲ್ ಹೊಡೆದ್ವಿ ಅಂತ ಇಲ್ಲ. ಎರಡನೇ ಸಲ ಹೊಡೆಯೋದು ತಡ ಆಗಿ ಅರ್ಧ ಫಸಲು ಉದುರಿತು. ಅದೂ ಇಲ್ಲ. ನಳನಳಿಸ್ತಿತ್ತು ಅಂತ ಬರ್ದಿದೀಯ."

ಬೈಯಲಿಲ್ಲ. ಪತ್ರಿಕೆ ಮಡಚಿ ಕಪಾಟಿನಲ್ಲಿ ಇಟ್ಟರು.

ಆವತ್ತು ಸಿಟ್ಟು ಬಂತು. ಈಗ ಯೋಚಿಸಿದರೆ, ನಾನು ಸುಳ್ಳು ಬರೆಯಬೇಕು ಅಂತ ಕೂತಿರಲಿಲ್ಲ. 'ನಳನಳಿಸು' ಅನ್ನುವ ಪದ ಸಿಕ್ಕಿತು. ಪದಕ್ಕೆ ತಕ್ಕಂತೆ ತೋಟವನ್ನು ಬದಲಾಯಿಸಿದೆ. ಕೊಳೆರೋಗ ಬಂದು ನೆಲದ ತುಂಬ ಎಳೆ ಕಾಯಿ ಬಿದ್ದಿತ್ತು, ನಾನೇ ಬುಟ್ಟಿ ಹಿಡಿದು ಹೆಕ್ಕಿದ್ದೆ. ಆದರೆ ಆ ಸಾಲಿನಲ್ಲಿ ಉದುರಿದ ಕಾಯಿಗೆ ಜಾಗ ಇರಲಿಲ್ಲ. ಮೆಚ್ಚಿಸಲು ಹೊರಟಾಗ ಬರಹದಿಂದ ಮೊದಲು ಬಿದ್ದುಹೋಗುವುದು ಓದುವವನಿಗೆ ಬೇಕಾದ ಮಾಹಿತಿ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ. ಉಳಿದದ್ದೆಲ್ಲ ಉದಾಹರಣೆ.

ಔಷಧಿ ಅಂದೆನಲ್ಲ, ಅದು ಬೋರ್ಡೋ ದ್ರಾವಣ. ಇಲ್ಲಿ ಅಡಿಕೆ ಬೆಳೆಯದ ಬಯಲುಸೀಮೆಯವರೂ ಇದ್ದೀರಿ, ಒಂದು ಮಾತು ಹೇಳಿಬಿಡುತ್ತೇನೆ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟು) ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು ಐವತ್ತು ಲೀಟರ್ ನೀರಿನಲ್ಲಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕೋಲಿನಲ್ಲಿ ಕಲಕಬೇಕು. ಸುಣ್ಣವನ್ನು ತುತ್ತಕ್ಕೆ ಸುರಿಯಬಾರದು. ಹಾಗೆ ಮಾಡಿದರೆ ದ್ರಾವಣ ನಯವಾಗುವುದಿಲ್ಲ, ಕಣ ದಪ್ಪಗಾಗಿ ತಳಕ್ಕೆ ಇಳಿಯುತ್ತದೆ, ಪಂಪಿನ ಮೂತಿ ಕಟ್ಟುತ್ತದೆ. ಮರದ ತುದಿಯಲ್ಲಿ ಕೂತ ಕೊನೆಗಾರ ಮಳೆ ಬರುವ ಮೊದಲು ಮುಗಿಸಬೇಕು. ಕೆಳಗೆ ಮೂತಿ ಬಿಚ್ಚಿ ತೊಳೆಯುತ್ತಾ ಕೂತರೆ ಆ ದಿನದ ಕೆಲಸ ಹೋಯಿತು.

ಈಗ ಒಂದು ಕರಪತ್ರದ ಸಾಲು ಕೇಳಿ. ಯಾವ ಕಚೇರಿಯದು ಅನ್ನುವುದು ಬೇಡ. "ಉಭಯ ದ್ರಾವಣಗಳನ್ನು ಸಮಪ್ರಮಾಣದಲ್ಲಿ ಪರಸ್ಪರ ಸಂಯೋಜಿಸಿ ಏಕರೂಪದ ಮಿಶ್ರಣವನ್ನು ಸಿದ್ಧಪಡಿಸಿಕೊಳ್ಳತಕ್ಕದ್ದು." ವ್ಯಾಕರಣ ಸರಿ ಇದೆ. ಗಂಭೀರವಾಗಿದೆ. ಬರೆದವರಿಗೆ ವಿಷಯ ಗೊತ್ತಿತ್ತು ಅನ್ನುವುದರಲ್ಲೂ ನನಗೆ ಅನುಮಾನ ಇಲ್ಲ. ಆದರೆ ಯಾವುದನ್ನು ಯಾವುದಕ್ಕೆ ಸುರಿಯಬೇಕು? 'ಪರಸ್ಪರ' ಅನ್ನುವ ಒಂದು ಪದ ಅದನ್ನು ನುಂಗಿಬಿಟ್ಟಿತು. 'ಸಂಯೋಜಿಸಿ' ಅಂದಾಗ ಕೈ ಕಾಣುವುದಿಲ್ಲ, ಕೊಡ ಕಾಣುವುದಿಲ್ಲ. 'ಸುರಿಯಿರಿ' ಅಂದು ನೋಡಿ. ತಕ್ಷಣ "ಎಲ್ಲಿಂದ, ಎಲ್ಲಿಗೆ?" ಅಂತ ಪದವೇ ನಿಮ್ಮನ್ನು ಕೇಳುತ್ತದೆ. ಉತ್ತರ ಬರೆಯದೆ ಮುಂದೆ ಹೋಗಲು ಬಿಡುವುದಿಲ್ಲ.

ಅಪ್ಪಯ್ಯನ ಕರಪತ್ರ ಬಾಯಲ್ಲೇ ಇತ್ತು. ದ್ರಾವಣ ಕಲಸಿದ ಮೇಲೆ ಕತ್ತಿಯ ತುದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಿದ್ದರು. ಕಬ್ಬಿಣದ ಮೇಲೆ ಕೆಂಪು ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. "ಕತ್ತಿ ಕೆಂಪಾದ್ರೆ ಸುಣ್ಣ ಹಾಕು." ನಾಲ್ಕು ಪದ. ಈ ವಿದ್ಯೆ ನಮ್ಮ ಕಡೆ ಬಂದು ನೂರು ವರ್ಷದ ಮೇಲಾಯಿತು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು ಕೊಳೆರೋಗದ ಬೆನ್ನುಹತ್ತಿದರು. ಅಲ್ಲಿಯವರೆಗೆ ನಮ್ಮವರು ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟಿ ಮಳೆಯಿಂದ ಕಾಯುತ್ತಿದ್ದರು.

ದಾರಿ ತಪ್ಪುತ್ತಿದ್ದೇನೆ ಅಂತ ಗೊತ್ತು, ಆದರೂ ಇದನ್ನು ಹೇಳಲೇಬೇಕು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ರಸ್ತೆ ಪಕ್ಕದ ದ್ರಾಕ್ಷಿ ಬಳ್ಳಿಗೆ ಈ ನೀಲಿ ನೀರು ಚೆಲ್ಲುತ್ತಿದ್ದದ್ದು ರೋಗಕ್ಕಲ್ಲ. ದಾರಿಹೋಕರು ವಿಷ ಅಂದುಕೊಂಡು ಹಣ್ಣು ಕೀಳದಿರಲಿ ಅಂತ. 1882ರಲ್ಲಿ ಮಿಲಾರ್ಡೆ ಅನ್ನುವ ವಿಜ್ಞಾನಿ ನೋಡುತ್ತಾನೆ, ಎಲ್ಲಾ ಕಡೆ ಬಳ್ಳಿ ರೋಗ ತಗುಲಿ ಬೋಳಾಗಿದೆ, ರಸ್ತೆ ಪಕ್ಕದ್ದು ಮಾತ್ರ ಹಸಿರಾಗಿದೆ. ಬೆದರಿಸಲು ಹಚ್ಚಿದ ಬಣ್ಣ ಔಷಧಿಯಾಯಿತು. ನಮ್ಮ ಬರಹದಲ್ಲಿ ಆಗುವುದು ಇದರ ತಿರುವುಮುರುವು. ಔಷಧಿ ನಮ್ಮ ಕೈಯಲ್ಲೇ ಇರುತ್ತದೆ, ಅದನ್ನು ಬೆದರಿಸುವ ಬಣ್ಣ ಮಾಡಿಕೊಳ್ಳುತ್ತೇವೆ.

ಅರ್ಜಿಯ ಮಾತನ್ನು ಬೇಗ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ನಮ್ಮೂರಿನವರೊಬ್ಬರು ಕರೆಂಟ್ ಕಂಬ ವಾಲಿದೆ ಅಂತ ಅರ್ಜಿ ಬರೆದರು. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಸದರಿ ಕಂಬವು..." ಅಂತ ಒಂದು ಪುಟ. ಕೊನೆಗೆ "ಈ ಮೂಲಕ ಸವಿನಯ ಪ್ರಾರ್ಥನೆ". ಮೂರು ದಿನ ಬಿಟ್ಟು ಲೈನ್‌ಮನ್ ಫೋನ್ ಮಾಡಿದ: "ಅರ್ಜಿ ಬಂತು ಸ್ವಾಮಿ. ಕಂಬ ಎಲ್ಲಿದೆ?"

ಈಗ ಒಬ್ಬ ಅಕ್ಕನ ಕತೆ. ಶಿರಸಿ ಕಡೆಯವರು, ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಲೇಖನ ಬರೆಯಿರಿ ಅಂತ ನಾನೇ ಕೇಳಿದ್ದೆ. "ನನಗೆ ಬರೆಯೋಕೆಲ್ಲ ಬರಲ್ಲ, ಹೀಗೆ ಮಾಡೋದು ಅಂತ ಹೇಳ್ತೀನಿ, ನೋಡಿ" ಅಂತ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಾಯ್ಸ್ ಮೆಸೇಜ್ ಕಳಿಸಿದರು. ಆರು ನಿಮಿಷ. ಹಿಂದೆ ಕುಕ್ಕರ್ ಕೂಗುತ್ತಿದೆ, ಯಾರನ್ನೋ "ಬಾಗಿಲು ಹಾಕೋ, ದನ ಬಂತು" ಅಂತ ಗದರುತ್ತಿದ್ದಾರೆ. ನಡುನಡುವೆ ಹಪ್ಪಳ. ಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು. ಸೊಳೆ ಬಿಡಿಸುವ ಮೊದಲು ಕೈಗೆ ಕೊಬ್ಬರಿ ಎಣ್ಣೆ, ಇಲ್ಲದಿದ್ದರೆ ಮೇಣ ಅಂಟಿ ಸಂಜೆವರೆಗೂ ಉಜ್ಜುತ್ತಾ ಕೂರಬೇಕು. ಉಗಿಯಲ್ಲಿ ಬೇಯಿಸಿದ ಸೊಳೆಯನ್ನು ಬಿಸಿ ಇರುವಾಗಲೇ ಕುಟ್ಟಬೇಕು, ಆರಿದರೆ ಗಂಟು ಗಂಟು. "ಕೈ ಸುಡತ್ತೆ ಅಂತ ಬಿಟ್ರೆ ಹಪ್ಪಳ ಹಾಳು. ನಮ್ಮತ್ತೆ ಹೇಳ್ತಿದ್ರು, ಸುಟ್ಟ ಕೈಗೇ ಹಪ್ಪಳ ಅಂತ." ಚಾಪೆ ಮೇಲೆ ಹಾಕಿದ್ದು ಒಂದು ಕಡೆ ಒಣಗಿ ಅಂಚು ಎದ್ದಾಗ ಮಗುಚಬೇಕು, ಅದಕ್ಕೂ ಮೊದಲು ಮುಟ್ಟಿದರೆ ಹರಿಯುತ್ತದೆ. ಮೋಡ ಆದ ದಿನ ಏನು ಮಾಡುತ್ತಾರೆ ಅನ್ನುವುದೂ ಇತ್ತು.

ಚೆನ್ನಾಗಿದೆ ಅಕ್ಕ, ಇದನ್ನೇ ಬರೆದು ಕಳಿಸಿ ಅಂದೆ. ಹದಿನೈದು ದಿನ ಬಿಟ್ಟು ಹಾಳೆ ಬಂತು. "ಮಹಿಳೆಯು ಸಂಸ್ಕೃತಿಯ ವಾಹಕಳು. ಗೃಹೋದ್ಯಮವು ಮಹಿಳಾ ಸಬಲೀಕರಣದ ಮೂಲಮಂತ್ರವಾಗಿದ್ದು..." ಮಗಳು ಸಹಾಯ ಮಾಡಿದ್ದಳಂತೆ. ಎಣ್ಣೆ ಇಲ್ಲ, ಬಿಸಿ ಇಲ್ಲ, ಅತ್ತೆಯೂ ಇಲ್ಲ. ಹಪ್ಪಳಕ್ಕೆ ಸಿಕ್ಕಿದ್ದು ಒಂದೇ ಸಾಲು: "ಸಾಂಪ್ರದಾಯಿಕ ವಿಧಾನದಲ್ಲಿ ತಯಾರಿಸಲಾಗುತ್ತದೆ."

ಫೋನ್ ಮಾಡಿ ಕೇಳಿದೆ, ಯಾಕಕ್ಕ ಹೀಗೆ ಮಾಡಿದಿರಿ? ಅವರು ಅಂದರು, "ಅಲ್ಲ ಸರ್, ಕೈಗೆ ಎಣ್ಣೆ ಹಚ್ಕೊಳ್ಳೋದನ್ನೆಲ್ಲ ಪೇಪರಲ್ಲಿ ಹಾಕ್ತಾರಾ? ಓದೋರು ಏನಂದುಕೊಳ್ತಾರೆ?" ಇಲ್ಲಿದೆ ನೋಡಿ ರೋಗದ ಬೇರು. ಅವರಿಗೆ ಸೊಕ್ಕು ಇರಲಿಲ್ಲ. ನಾಚಿಕೆ ಇತ್ತು. ತನಗೆ ಗೊತ್ತಿರುವುದು ಬರೆಯುವಷ್ಟು ದೊಡ್ಡದಲ್ಲ ಅನ್ನುವ ಸಂಕೋಚ. ಬಹಳ ಜನ ದೊಡ್ಡ ಪದದ ಹಿಂದೆ ನಿಲ್ಲುವುದು ಇದೇ ಕಾರಣಕ್ಕೆ. ನೆಂಟರ ಮನೆಗೆ ಹೋಗುವಾಗ ಎರವಲು ಸರ ಹಾಕಿಕೊಂಡ ಹಾಗೆ. ಹಾಗಾಗಿ ನಾನು ಯಾರನ್ನೂ ಹೀಯಾಳಿಸುವುದಿಲ್ಲ, ನನ್ನನ್ನು ಬಿಟ್ಟು. ಕೊನೆಗೆ ಹಾಳೆ ಪಕ್ಕಕ್ಕಿಟ್ಟು ಆ ಆರು ನಿಮಿಷವನ್ನೇ ಬರೆದುಕೊಂಡೆ. ದನವನ್ನು ಮಾತ್ರ ತೆಗೆದೆ.

ಈ ಎರವಲು ಸರದ ತಮಾಷೆ ಹಳೆಯದು. ಮುದ್ದಣನ ಮನೋರಮೆ ನಿಮಗೆಲ್ಲ ಗೊತ್ತು. ಗಂಡ ಕತೆ ಹೇಳಲು ಕೂತು ಉದ್ದುದ್ದ ಸಂಸ್ಕೃತ ಸಮಾಸ ಬಿಡಲು ಶುರು ಮಾಡಿದ ಕೂಡಲೇ ತಡೆಯುತ್ತಾಳೆ, "ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು" ಅಂತ. ಶಾಲೆಯಲ್ಲಿ ಇದನ್ನು ಓದಿ ನಕ್ಕಿದ್ದೇವೆ, ಅಲ್ವಾ? ನನಗೆ ಅದಕ್ಕಿಂತ ಕಾಡುವುದು ಬರೆದವರ ಸಂಗತಿ. ಮುದ್ದಣ ಅಂದರೆ ನಂದಳಿಕೆ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ವ್ಯಾಯಾಮದ ಮಾಸ್ತರರು. ತನ್ನ ಕಾವ್ಯವನ್ನು ತನ್ನದು ಅನ್ನದೆ, ಯಾರೋ ಹಳೆಯ ಕವಿಯದು ಅನ್ನುವಂತೆ ಮೈಸೂರಿಗೆ ಕಳಿಸಿದರು. 1901ರಲ್ಲಿ, ಮೂವತ್ತೊಂದರ ಸುಮಾರಿಗೆ ತೀರಿಕೊಂಡರು. ಡ್ರಿಲ್ ಮಾಸ್ತರ ಬರೆದದ್ದು ಅಂದರೆ ಯಾರು ಓದುತ್ತಾರೆ ಅನ್ನಿಸಿತ್ತೋ ಏನೋ. ಹಪ್ಪಳದ ಅಕ್ಕನೂ ಅದನ್ನೇ ಕೇಳಿದ್ದು.

ಅದಕ್ಕೂ ಏಳುನೂರು ವರ್ಷ ಮೊದಲು ಅಂಬಿಗರ ಚೌಡಯ್ಯನಿಗೆ ಆ ಚಿಂತೆ ಇರಲಿಲ್ಲ. ಬೇರೆ ವಚನಕಾರರು ದೇವರ ಹೆಸರನ್ನು ಅಂಕಿತ ಮಾಡಿಕೊಂಡರೆ ಈತ ಕೊನೆಯಲ್ಲಿ ತನ್ನ ಹೆಸರನ್ನೇ ಇಟ್ಟ, ಕಸುಬಿನ ಸಮೇತ. ಆಯ್ದಕ್ಕಿ ಲಕ್ಕಮ್ಮ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವ ಕಾಯಕದವಳು. ಗಂಡ ಒಂದು ದಿನ ಜಾಸ್ತಿ ತಂದಾಗ "ಈಸಕ್ಕಿಯಾಸೆ ನಿಮಗೇಕೆ?" ಅಂದಳು, ಇಷ್ಟೊಂದು ಅಕ್ಕಿಯ ಆಸೆ ಯಾಕೆ ಅಂತ. ಎಷ್ಟು ಅಕ್ಕಿ ಸಾಕು ಅಂತ ಅವಳ ಕೈಗೆ ಗೊತ್ತಿತ್ತು. ನಾನು ಲೇಖನ ತಿದ್ದುವಾಗ ಪಕ್ಕದಲ್ಲಿ "ಈಸಕ್ಕಿ" ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡುತ್ತೇನೆ. ನಮ್ಮ ಕಚೇರಿಯಲ್ಲಿ ಅದೊಂದು ಪದವೇ ಆಗಿಹೋಗಿದೆ. "ಎರಡನೇ ಪ್ಯಾರಾ ಪೂರ್ತಿ ಈಸಕ್ಕಿ" ಅನ್ನುತ್ತೇವೆ.

ಈಗ ಒಂದು ಎಚ್ಚರಿಕೆ ಹೇಳಬೇಕು. ಸರಳ ಅಂದ ಕೂಡಲೇ ಕೆಲವರು ಸಂಸ್ಕೃತ ಪದ ಎಲ್ಲ ಕಿತ್ತುಹಾಕಲು ಹೊರಡುತ್ತಾರೆ. ಹದಿಮೂರನೇ ಶತಮಾನದಲ್ಲಿ ಆಂಡಯ್ಯ ಅದನ್ನು ಮಾಡಿ ತೋರಿಸಿದ. ಸಂಸ್ಕೃತದ ಪದಗಳನ್ನು ಇದ್ದ ಹಾಗೇ ಬಳಸದೆ ಒಂದು ಇಡೀ ಕಾವ್ಯ ಬರೆದ. ದೊಡ್ಡ ಸಾಹಸ, ಒಪ್ಪುತ್ತೇನೆ. ಇವತ್ತು ಅದನ್ನು ನಿಘಂಟು ಇಲ್ಲದೆ ಓದಿ ನೋಡೋಣ! 'ಔಷಧಿ' ಸಂಸ್ಕೃತ, 'ಪಂಪು' ಇಂಗ್ಲಿಷ್, 'ಅರ್ಜಿ' ಅರಬ್ಬಿ ಕಡೆಯಿಂದ ಬಂದದ್ದು. ಮೂರೂ ನಮ್ಮ ಮನೆಯಲ್ಲೇ ಊಟ ಮಾಡಿ ಬೆಳೆದಿವೆ. ಅವನ್ನು ಓಡಿಸಿ, ಯಾರೂ ಆಡದ ಅಚ್ಚಗನ್ನಡ ಪದ ಕಟ್ಟಿ ತಂದರೆ ಅದೂ ಎರವಲು ಸರವೇ, ಅಂಗಡಿ ಬೇರೆ.

ಇನ್ನೊಂದು ಹೊಸ ಚಾಳಿ ಶುರುವಾಗಿದೆ. ಹಳ್ಳಿ ವೇಷ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಇದ್ದು, ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಲೇಖನದಲ್ಲಿ ಮಾತ್ರ "ಏನ್ಲಾ", "ಹೋಗ್ಬುಟ್ಟು" ಅಂತ ಬರೆಯುವುದು. ಯಾರ ಬಾಯಲ್ಲಿ ಆ ಮಾತು ಇದೆಯೋ ಅವರು ಬರೆದರೆ ಅದರ ರುಚಿಯೇ ಬೇರೆ. ಬಾಯಲ್ಲಿ ಇಲ್ಲದವರು ಬರೆದರೆ, ಮದುವೆ ಮನೆಯಲ್ಲಿ ಬಾಡಿಗೆ ಪೇಟ ಸುತ್ತಿಕೊಂಡ ಹಾಗೆ ಕಾಣುತ್ತದೆ. ನಿಮ್ಮ ಮಾತಿನಲ್ಲಿ ಆಫೀಸಿನ ಇಂಗ್ಲಿಷ್ ಬೆರೆತಿದ್ದರೆ ಅದೇ ಇರಲಿ. ನೀವು ಇರುವುದೇ ಹಾಗೆ.

ರೈತರು ಬರೆಯಬಹುದು ಅನ್ನುವುದಕ್ಕೆ ನನ್ನ ಮಾತೇ ಸಾಕ್ಷಿ ಆಗಬೇಕಿಲ್ಲ. 1988ರಲ್ಲಿ ಪುತ್ತೂರಿನಿಂದ 'ಅಡಿಕೆ ಪತ್ರಿಕೆ' ಶುರುವಾಯಿತು. ಶ್ರೀಪಡ್ರೆ ಮತ್ತು ಅವರ ಜೊತೆಗಾರರು 'ಕೃಷಿಕರ ಕೈಗೆ ಲೇಖನಿ' ಅಂತ ಶಿಬಿರಗಳನ್ನು ನಡೆಸಿದರು. ತೋಟದಲ್ಲಿ ಕೆಲಸ ಮಾಡುವವರೇ ಬರೆದದ್ದನ್ನು ತೋಟದಲ್ಲಿ ಕೆಲಸ ಮಾಡುವವರು ಓದಿದರು. ನಾವೆಲ್ಲ ಅದನ್ನು ನೋಡಿ ಕಲಿತವರೇ. ಇವತ್ತಿನ ಈ ಕಮ್ಮಟವೂ ಆ ಬಳ್ಳಿಯ ಒಂದು ಕುಡಿ ಅಂದುಕೊಳ್ಳಿ.

ಆದರೆ ಕೃಷಿ ಬರಹಕ್ಕೆ ಅಂಟಿದ ಒಂದು ರೋಗ ಇನ್ನೂ ಬಿಟ್ಟಿಲ್ಲ. ಅದರ ಹೆಸರು ಯಶೋಗಾಥೆ. "ಲಕ್ಷ ಲಕ್ಷ ಎಣಿಸಿದ ಪದವೀಧರ", "ಬರಡು ನೆಲದಲ್ಲಿ ಬಂಗಾರ". ಖರ್ಚು ಎಷ್ಟು? ನೀರು ಎಲ್ಲಿಂದ? ಮೊದಲ ಎರಡು ವರ್ಷ ಮನೆ ಹೇಗೆ ನಡೆಯಿತು? ಇರುವುದಿಲ್ಲ. ಈ ವಿಚಾರದಲ್ಲಿ ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ.

ವೆನಿಲ್ಲಾ ಕಾಲ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿಯಿತು, ಜಗತ್ತಿನಲ್ಲೆಲ್ಲ ವೆನಿಲ್ಲಾ ದರ ಏರುತ್ತಾ ಹೋಯಿತು. 2003ರ ಹೊತ್ತಿಗೆ ನಮ್ಮಲ್ಲಿ ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಬೆಳಗ್ಗೆ ಹೂ ಅರಳಿದ ಕೂಡಲೇ ಮನೆಮಂದಿಯೆಲ್ಲ ತೋಟಕ್ಕೆ. ಒಂದೊಂದೇ ಹೂವಿಗೆ ಕಡ್ಡಿಯಲ್ಲಿ ಪರಾಗಸ್ಪರ್ಶ ಮಾಡಬೇಕು, ಮಧ್ಯಾಹ್ನದೊಳಗೆ ಹೂ ಬಾಡುತ್ತದೆ. ರಾತ್ರಿ ಕಳ್ಳರ ಕಾಟ. ಟಾರ್ಚು, ಬೇಲಿ, ನಾಯಿ. ಎರಡು ವರ್ಷದೊಳಗೆ ದರ ಬಿತ್ತು. ಬಿತ್ತು ಅಂದರೆ ಕೇಳುವವರೇ ಇಲ್ಲ.

ನಾನು ಆಗ ಕೆಲಸಕ್ಕೆ ಹೊಸಬ. ಒಬ್ಬ ರೈತರು ಎರಡು ಪುಟ ಬರೆದು ಕಳಿಸಿದರು. ಸಾಲ ಎಷ್ಟು, ಬಳ್ಳಿ ಎಷ್ಟು, ಮಾರಿದ್ದು ಎಷ್ಟು, ಎಲ್ಲ ಇತ್ತು. ಅದರಲ್ಲಿ "ನನಗೆ ಎಂಬತ್ತು ಸಾವಿರ ಲುಕ್ಸಾನು" ಅಂತ ಒಂದು ಸಾಲು. ಅದನ್ನು ನಾನು "ನಿರೀಕ್ಷಿತ ಪ್ರತಿಫಲ ದೊರೆಯಲಿಲ್ಲವಾದರೂ ಅಮೂಲ್ಯ ಅನುಭವ ಲಭಿಸಿತು" ಅಂತ ತಿದ್ದಿದೆ. ಯಾರೂ ಹೇಳಿರಲಿಲ್ಲ, ಕೈ ತಾನಾಗಿಯೇ ಬರೆಯಿತು. ನಳನಳಿಸುವ ಹುಡುಗ ಇನ್ನೂ ಸತ್ತಿರಲಿಲ್ಲ ನೋಡಿ.

ಸಂಚಿಕೆ ತಲುಪಿದ ದಿನವೇ ಫೋನ್ ಬಂತು. ಜಗಳವೇನಿಲ್ಲ. "ನಾನು ಹಾಗೆ ಬರ್ದಿರ್ಲಿಲ್ಲ ಸ್ವಾಮಿ. ಎಂಬತ್ತು ಸಾವಿರ ಎಲ್ಲಿ ಹೋಯ್ತು?" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. "ಪಕ್ಕದ ಮನೆಯವನು ಈ ವರ್ಷ ಬಳ್ಳಿ ಹಾಕ್ತೀನಿ ಅಂತಿದಾನೆ. ಅವನು ಓದಲಿ ಅಂತ್ಲೇ ಬರ್ದಿದ್ದು."

ಮುಂದಿನ ಸಂಚಿಕೆಯಲ್ಲಿ ತಪ್ಪೊಪ್ಪಿಗೆ ಹಾಕಿ, ಅವರ ಎರಡು ಪುಟವನ್ನು ಇದ್ದ ಹಾಗೇ ಅಚ್ಚು ಮಾಡಿದೆವು. ಕೊನೆಯ ಪ್ಯಾರಾ ಹೀಗಿತ್ತು: "ಬಳ್ಳಿ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆ. ಒಂದು ದಿನದ ಕೆಲಸ. ಬೇಲಿ ತಂತಿ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ವೆನಿಲ್ಲಾ ಕಾಯಲಿಕ್ಕೆ ಅಂತ ತಂದ ನಾಯಿ ಇದೆ. ಅದಕ್ಕೆ ಈಗ ಕೆಲಸ ಇಲ್ಲ, ಜಗಲಿಯಲ್ಲಿ ಮಲಗಿರುತ್ತದೆ."

ಆ ಲೇಖನಕ್ಕೆ ಬಂದಷ್ಟು ಕಾಗದ ಅಲ್ಲಿಯವರೆಗೆ ಯಾವುದಕ್ಕೂ ಬಂದಿರಲಿಲ್ಲ. ತಮ್ಮ ತಮ್ಮ ಲುಕ್ಸಾನಿನ ಲೆಕ್ಕ ಬರೆದಿದ್ದರು. ಮೂರು ಜನ ನಾಯಿಯ ಹೆಸರು ಕೇಳಿದ್ದರು.

ಊಟಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆ. ಹಾಳೆ ಹಂಚುತ್ತಾರೆ, ತೆಗೆದುಕೊಳ್ಳಿ. ನಿನ್ನೆ ನಿಮ್ಮ ಕೈಯಾರೆ ಮಾಡಿದ ಒಂದು ಕೆಲಸ ಬರೆಯಿರಿ. ಹಾಲು ಕರೆದದ್ದಾದರೂ ಸರಿ, ಮೋಟರ್ ಸುಟ್ಟದ್ದಾದರೂ ಸರಿ. ಪೀಠಿಕೆ ಹಾಕಿದವರ ಮೊದಲ ಪುಟ ನಾನೇ ಬಂದು ಹರಿಯುತ್ತೇನೆ.